ಅಧಿಕ ವೋಲ್ಟೇಜ್ ಸರ್ಕ್ಯೂಟ್ ಬ್ರೇಕರ್‌ಗಳಲ್ಲಿ ಸವೆದ ಭಾಗಗಳ ಬದಲಾವಣೆ

ಹರಿಯುತ್ತಿರುವ ಕರೆಂಟನ್ನು, ಅದರಲ್ಲೂ ಶಾರ್ಟ್ ಸರ್ಕ್ಯೂಟ್ ಆದಾಗ ನುಗ್ಗುವ ಸಾವಿರಾರು ಆಂಪಿಯರ್‌ಗಳನ್ನು, ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುವ ಸಾಧನ ಸರ್ಕ್ಯೂಟ್ ಬ್ರೇಕರ್. ಅಂತರರಾಷ್ಟ್ರೀಯ ಮಾನಕಗಳ ಪ್ರಕಾರ 1,000 ವೋಲ್ಟ್ ಮೀರಿದ್ದೆಲ್ಲ ಅಧಿಕ ವೋಲ್ಟೇಜ್. ಹಾಗಾಗಿ ಬಡಾವಣೆಯ ಬೀದಿಗೆ ಬರುವ 11 ಕೆವಿ ಫೀಡರಿನ ಬ್ರೇಕರಿನಿಂದ ಹಿಡಿದು 400 ಕೆವಿ ಕೇಂದ್ರದ ಬ್ರೇಕರಿನವರೆಗೆ ಎಲ್ಲವೂ ಈ ಲೇಖನದ ವ್ಯಾಪ್ತಿಗೆ ಬರುತ್ತವೆ. ಮನೆಯ ಮೀಟರ್ ಬೋರ್ಡಿನಲ್ಲಿರುವ ಎಂಸಿಬಿ ಇದೇ ಕುಲದ್ದು. ಅದು ಕೆಟ್ಟರೆ ಕಿತ್ತುಹಾಕಿ ಹೊಸದನ್ನು ಕೂರಿಸುತ್ತೇವೆ. ಉಪಕೇಂದ್ರದ ಬ್ರೇಕರಿನ ವಿಷಯದಲ್ಲಿ ಹಾಗೆ ಮಾಡಲಾಗದು. ಅದು ದಶಕಗಳ ಕಾಲ ಬಾಳಬೇಕು, ಆ ಅವಧಿಯಲ್ಲಿ ಅದರೊಳಗಿನ ಕಾಂಟ್ಯಾಕ್ಟು, ನಾಝಲ್, ಸೀಲು, ಸ್ಪ್ರಿಂಗು, ಕಾಯಿಲ್ ಒಂದೊಂದೂ ಒಂದೊಂದು ವೇಗದಲ್ಲಿ ಸವೆಯುತ್ತವೆ. ಯಾವುದನ್ನು ಯಾವಾಗ ಬದಲಾಯಿಸಬೇಕು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಬ್ರೇಕರಿನ ವಯಸ್ಸೊಂದನ್ನೇ ನೋಡಿ ಇದಕ್ಕೆ ಉತ್ತರ ಹೇಳುವುದು ತಪ್ಪು. ಪ್ರತಿ ಬ್ರೇಕರಿಗೂ ಎರಡು ಲೆಕ್ಕ ಇಡಬೇಕು: ಅದು ಕಡಿದ ಕರೆಂಟಿನ ಲೆಕ್ಕ ಒಂದು, ಅದು ಸುಮ್ಮನೆ ನಿಂತ ಕಾಲದ ಲೆಕ್ಕ ಇನ್ನೊಂದು. ಎರಡನ್ನೂ ಅಳತೆಯಿಂದ ಖಚಿತಪಡಿಸಿಕೊಂಡ ಮೇಲೆಯೇ ಸ್ಪ್ಯಾನರ್ ಕೈಗೆತ್ತಿಕೊಳ್ಳಬೇಕು.

ಬೆಂಗಳೂರಿನ ಪಶ್ಚಿಮದಲ್ಲಿ, ಮಾಗಡಿ ರಸ್ತೆಗೆ ಹೊಂದಿಕೊಂಡಿರುವ ಹೇರೋಹಳ್ಳಿಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಈ ಎರಡು ಲೆಕ್ಕಗಳ ಅಂತರ ಸ್ಪಷ್ಟವಾಗುತ್ತದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರೂಪುಗೊಂಡಾಗ ನಗರದೊಳಕ್ಕೆ ಬಂದ ಹೊರವಲಯದ ಊರು ಇದು. ಸುಂಕದಕಟ್ಟೆ, ಬ್ಯಾಡರಹಳ್ಳಿ, ಬಿಇಎಲ್ ಲೇಔಟುಗಳು ಇದರ ನೆರೆಯವು. ಉತ್ತರಕ್ಕೆ ಪೀಣ್ಯ ಕೈಗಾರಿಕಾ ಪ್ರದೇಶ. ಇಂಥ ಊರಿಗೆ ಕರೆಂಟು ಮೆಟ್ಟಿಲಿಳಿದು ಬರುತ್ತದೆ. 220 ಕೆವಿ ಕೇಂದ್ರದಿಂದ 66 ಕೆವಿ ಮಾರ್ಗ, 66 ಕೆವಿ ಉಪಕೇಂದ್ರದಿಂದ 11 ಕೆವಿ ಫೀಡರ್, ಅಲ್ಲಿಂದ ಬೀದಿಯ ಟ್ರಾನ್ಸ್‌ಫಾರ್ಮರ್. ಒಂದೊಂದು ಮೆಟ್ಟಿಲಲ್ಲೂ ಬ್ರೇಕರ್ ಇದೆ, ಆದರೆ ಅವುಗಳ ದುಡಿಮೆ ಒಂದೇ ತೆರನದ್ದಲ್ಲ. ಏಪ್ರಿಲ್, ಮೇ ತಿಂಗಳ ಗಾಳಿಮಳೆಯಲ್ಲಿ ರೆಂಬೆ ಮುರಿದು ತಂತಿಗೆ ತಾಗಿದಾಗಲೆಲ್ಲ 11 ಕೆವಿ ಫೀಡರಿನ ಬ್ರೇಕರ್ ಟ್ರಿಪ್ ಆಗುತ್ತದೆ. ಮತ್ತೆ ಚಾರ್ಜ್ ಮಾಡಿದರೆ ಮತ್ತೆ ಟ್ರಿಪ್. ಅದೇ ಹೊತ್ತಿನಲ್ಲಿ 220 ಕೆವಿ ಬ್ರೇಕರ್ ತಿಂಗಳುಗಟ್ಟಲೆ ಅಲುಗದೆ ಮುಚ್ಚಿಕೊಂಡೇ ನಿಂತಿರುತ್ತದೆ. ಒಂದಕ್ಕೆ ದುಡಿದು ದಣಿಯುವ ಅಪಾಯ, ಇನ್ನೊಂದಕ್ಕೆ ನಿಂತಲ್ಲೇ ಜಡವಾಗುವ ಅಪಾಯ. ಎರಡಕ್ಕೂ ಒಂದೇ ವೇಳಾಪಟ್ಟಿ ಹಾಕಿದರೆ ಒಂದರಲ್ಲಿ ತಡವಾಗುತ್ತದೆ, ಇನ್ನೊಂದರಲ್ಲಿ ಬೇರೆಯದೇ ಭಾಗವನ್ನು ನೋಡುತ್ತ ಕೂರುತ್ತೇವೆ.

ಮೊದಲನೆಯ ಲೆಕ್ಕ ಆರ್ಕಿನದು. ಬ್ರೇಕರಿನ ಕಾಂಟ್ಯಾಕ್ಟುಗಳು ಬೇರ್ಪಟ್ಟ ಕ್ಷಣಕ್ಕೇ ಕರೆಂಟು ನಿಲ್ಲುವುದಿಲ್ಲ. ಅಗಲಿದ ಲೋಹಗಳ ನಡುವೆ ಆರ್ಕ್ ಹೊತ್ತಿಕೊಂಡು ಅದರ ಮೂಲಕವೇ ಹರಿಯುತ್ತದೆ. 50 ಹರ್ಟ್ಸ್ ಕರೆಂಟು ಸೆಕೆಂಡಿಗೆ 100 ಸಲ ಶೂನ್ಯವನ್ನು ಮುಟ್ಟುತ್ತದೆ. ಅಂಥ ಒಂದು ಶೂನ್ಯದ ಹೊತ್ತಿಗೆ ಆರ್ಕನ್ನು ತಣಿಸಿ ಅದು ಮತ್ತೆ ಹೊತ್ತಿಕೊಳ್ಳದಂತೆ ತಡೆಯುವುದೇ ಬ್ರೇಕರಿನ ಕೆಲಸ. ಅಷ್ಟರೊಳಗೆ ಆರ್ಕಿನ ನಡುಭಾಗದ ಉಷ್ಣತೆ ಹತ್ತು ಸಾವಿರ ಡಿಗ್ರಿಯನ್ನು ದಾಟಬಲ್ಲದು. 66 ಕೆವಿ ಮತ್ತು ಅದಕ್ಕೂ ಮೇಲಿನ ಕೇಂದ್ರಗಳಲ್ಲಿ ಈಗ ಬಹುಮಟ್ಟಿಗೆ ಕಾಣುವ, ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ ತುಂಬಿದ ಎಸ್‌ಎಫ್6 ಬ್ರೇಕರಿನಲ್ಲಿ ಇದಕ್ಕೆಂದೇ ಎರಡು ಜೊತೆ ಕಾಂಟ್ಯಾಕ್ಟುಗಳಿರುತ್ತವೆ. ಬೆಳ್ಳಿ ಲೇಪಿಸಿದ ತಾಮ್ರದ ಮುಖ್ಯ ಕಾಂಟ್ಯಾಕ್ಟು ದಿನನಿತ್ಯದ ಕರೆಂಟನ್ನು ಹೊರುತ್ತದೆ. ಟಂಗ್‌ಸ್ಟನ್ ಮತ್ತು ತಾಮ್ರ ಬೆರೆಸಿ ಮಾಡಿದ ಆರ್ಕಿಂಗ್ ಕಾಂಟ್ಯಾಕ್ಟು ಬೆಂಕಿಯನ್ನು ತಾನು ತಾಳಿಕೊಳ್ಳುತ್ತದೆ. ತೆರೆಯುವಾಗ ಮುಖ್ಯ ಕಾಂಟ್ಯಾಕ್ಟು ಮೊದಲು ಬಿಡಬೇಕು, ಆರ್ಕಿಂಗ್ ಕಾಂಟ್ಯಾಕ್ಟು ಆಮೇಲೆ. ಸುತ್ತಲಿನ ಟೆಫ್ಲಾನ್ ನಾಝಲ್ ಅನಿಲವನ್ನು ಹಿಡಿದು ಆರ್ಕಿನ ಮೇಲೆ ಬೀಸುತ್ತದೆ. ಪ್ರತಿ ಫಾಲ್ಟಿನಲ್ಲೂ ಆರ್ಕಿಂಗ್ ಕಾಂಟ್ಯಾಕ್ಟಿನ ತುದಿ ಚೂರು ಚೂರೇ ಕರಗುತ್ತದೆ, ನಾಝಲಿನ ಕಂಠ ಚೂರು ಚೂರೇ ಅಗಲವಾಗುತ್ತದೆ. ತುದಿ ತೀರ ಮೋಟಾದರೆ ಅನುಕ್ರಮ ತಪ್ಪಿ ಆರ್ಕ್ ಮುಖ್ಯ ಕಾಂಟ್ಯಾಕ್ಟಿನ ಮೇಲೆಯೇ ಹೊತ್ತಿಕೊಳ್ಳುತ್ತದೆ. ಕಂಠ ತೀರ ಅಗಲವಾದರೆ ಅನಿಲದ ಬೀಸು ಸಡಿಲವಾಗಿ ಆರ್ಕ್ ಆರದೇ ಉಳಿಯುವ ಸಂಭವ ಹೆಚ್ಚುತ್ತದೆ.

ಈ ಸವೆತ ಟ್ರಿಪ್‌ಗಳ ಸಂಖ್ಯೆಗೆ ಅನುಗುಣವಾಗಿ ಏರುವುದಿಲ್ಲ. ಕಡಿದ ಕರೆಂಟಿನ ಪ್ರಮಾಣಕ್ಕೆ ಹೆಚ್ಚು ಅಂಟಿಕೊಂಡಿದೆ. ಇಂದಿನ ನ್ಯೂಮೆರಿಕಲ್ ರಿಲೇಗಳು ಪ್ರತಿ ಟ್ರಿಪ್ಪಿನಲ್ಲಿ ಹರಿದ ಕರೆಂಟಿನ ವರ್ಗವನ್ನೋ ಅದಕ್ಕೆ ಹತ್ತಿರದ ಘಾತವನ್ನೋ ಕೂಡಿಸುತ್ತ ಹೋಗುವುದು ಇದಕ್ಕಾಗಿಯೇ. ವರ್ಗದ ಲೆಕ್ಕದಲ್ಲಿ 20,000 ಆಂಪಿಯರಿನ ಒಂದು ಫಾಲ್ಟು 2,000 ಆಂಪಿಯರಿನ 100 ಫಾಲ್ಟುಗಳಿಗೆ ಸಮ. ಉಪಕೇಂದ್ರದ ಗೇಟಿನ ಹೊರಗೇ ಕೇಬಲ್ ಜಾಯಿಂಟ್ ಸಿಡಿದರೆ ಕರೆಂಟು ಬಹಳ. ಫೀಡರಿನ ತುದಿಯಲ್ಲಿ, ಕೆಲವು ಕಿಲೋಮೀಟರ್ ಆಚೆ ತಂತಿ ಹರಿದು ಬಿದ್ದರೆ ಅಷ್ಟಿಲ್ಲ. ಹೀಗಾಗಿ ಕಂಟ್ರೋಲ್ ಪ್ಯಾನೆಲಿನ ಕೌಂಟರ್ 40 ತೋರಿಸುವ ಬ್ರೇಕರ್ 400 ತೋರಿಸುವುದಕ್ಕಿಂತ ಹೆಚ್ಚು ಸವೆದಿರಬಹುದು. ನಗರದಲ್ಲಿ ಓವರ್‌ಹೆಡ್ ತಂತಿಯನ್ನು ನೆಲದಡಿಯ ಕೇಬಲಿಗೆ ಬದಲಿಸುತ್ತಿರುವ ಕಡೆಗಳಲ್ಲಿ ಈ ಲೆಕ್ಕ ಇನ್ನೂ ಮುಖ್ಯವಾಗುತ್ತದೆ. ರೆಂಬೆ ತಾಗಿ ಆಗುವ ಟ್ರಿಪ್ ಕಡಿಮೆಯಾಗುತ್ತದೆ ನಿಜ, ಆದರೆ ಕೇಬಲಿನ ಪ್ರತಿರೋಧ ಕಡಿಮೆ ಇರುವುದರಿಂದ ಆದ ಒಂದು ಫಾಲ್ಟು ದೊಡ್ಡದಾಗಿರುತ್ತದೆ. ಟ್ರಿಪ್ ಎಣಿಸಿ ಸಮಾಧಾನಪಟ್ಟವರಿಗೆ ಇದು ಕಾಣುವುದೇ ಇಲ್ಲ.

11 ಕೆವಿ ಪ್ಯಾನೆಲುಗಳಲ್ಲಿ ಈಗ ನಿರ್ವಾತ ಬ್ರೇಕರುಗಳದೇ ಕಾಲ. ಕೆಲಸದವರ ಬಾಯಲ್ಲಿ ವಿಸಿಬಿ. ಸೆರಾಮಿಕ್ ಕವಚದೊಳಗೆ ಬೆಸೆದು ಮುಚ್ಚಿದ ನಿರ್ವಾತದಲ್ಲಿ ತಾಮ್ರ ಮತ್ತು ಕ್ರೋಮಿಯಂ ಬೆರೆತ ಎರಡು ತಟ್ಟೆಗಳು ಕೆಲವೇ ಮಿಲಿಮೀಟರ್ ದೂರ ಸರಿದು ಕರೆಂಟನ್ನು ಕಡಿಯುತ್ತವೆ. ಇಂಟರಪ್ಟರ್ ಎನ್ನುವ ಈ ಮುಚ್ಚಿದ ಕೋಶವನ್ನು ದೇಶದಲ್ಲಿ ತಯಾರಿಸಿದವರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸೇರಿದೆ. ರಾಡಾರು, ಪ್ರಸಾರ ಯಂತ್ರಗಳಿಗೆ ಬೇಕಾದ ನಿರ್ವಾತ ಕೊಳವೆಗಳನ್ನು ಮಾಡಿ ಪಳಗಿದ ಕೈಗಳು ಅದೇ ವಿದ್ಯೆಯನ್ನು ವಿದ್ಯುತ್ ಜಾಲಕ್ಕೂ ತಂದದ್ದು ಕರ್ನಾಟಕದ ಕೈಗಾರಿಕಾ ಇತಿಹಾಸದಲ್ಲಿ ಹೆಮ್ಮೆಯಿಂದ ದಾಖಲಿಸಬೇಕಾದ ಸಂಗತಿ. ಇಂಟರಪ್ಟರನ್ನು ಬಿಚ್ಚಿ ಒಳಗಿನ ತಟ್ಟೆಯನ್ನಷ್ಟೇ ಬದಲಾಯಿಸಲು ಬರುವುದಿಲ್ಲ. ಸವೆತ ತಯಾರಕರು ಹೇಳಿದ ಮಿತಿಗೆ, ಸಾಮಾನ್ಯವಾಗಿ 2ರಿಂದ 3 ಮಿಲಿಮೀಟರಿಗೆ, ಬಂದಾಗ ಇಡೀ ಇಂಟರಪ್ಟರನ್ನೇ ಬದಲಿಸಬೇಕು. ಬ್ರೇಕರ್ ಮುಚ್ಚಿದ್ದಾಗ ಚಲಿಸುವ ದಂಡದ ಮೇಲಿನ ಗುರುತು ಎಷ್ಟು ಒಳಸರಿದಿದೆ ಎಂದು ನೋಡಿದರೆ ಸವೆತ ತಿಳಿಯುತ್ತದೆ. ನಿರ್ವಾತ ಉಳಿದಿದೆಯೇ ಎಂಬುದು ಹಾಗೆ ಕಣ್ಣಿಗೆ ಕಾಣುವುದಿಲ್ಲ. ತೆರೆದ ಕಾಂಟ್ಯಾಕ್ಟುಗಳ ನಡುವೆ ಅಧಿಕ ವೋಲ್ಟೇಜ್ ಹಾಕಿಯೇ ಪರೀಕ್ಷಿಸಬೇಕು. 12 ಕೆವಿ ದರ್ಜೆಯ ಬ್ರೇಕರಿಗೆ ಕಾರ್ಖಾನೆಯ ಪರೀಕ್ಷೆಯಲ್ಲಿ ಒಂದು ನಿಮಿಷ 28 ಕೆವಿ ತಾಳುವ ಶಕ್ತಿ ಇರಬೇಕೆಂಬುದು ಮಾನಕ. ಸ್ಥಳದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಹಾಕುತ್ತಾರೆ.

ಎರಡನೆಯ ಲೆಕ್ಕ ನಿಂತ ಕಾಲದ್ದು, ಮತ್ತು ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವುದು ಇದೇ. ಸ್ಪ್ರಿಂಗ್ ಮೆಕ್ಯಾನಿಸಮ್ಮಿನ ಬೇರಿಂಗು, ಲ್ಯಾಚುಗಳಿಗೆ ಹಾಕಿದ ಗ್ರೀಸು ಬಿಸಿಲು, ಧೂಳಿಗೆ ಗಟ್ಟಿಯಾಗುತ್ತದೆ. ರಬ್ಬರ್ ಓ-ರಿಂಗು ತನ್ನ ಪುಟಿತ ಕಳೆದುಕೊಳ್ಳುತ್ತದೆ. ಡ್ಯಾಶ್‌ಪಾಟಿನ ಎಣ್ಣೆ ಸೋರುತ್ತದೆ. ಆಕ್ಸಿಲರಿ ಸ್ವಿಚ್ಚಿನ ತುದಿಗಳು ಕಿಲುಬುತ್ತವೆ. ಟ್ರಿಪ್ ಕಾಯಿಲನ್ನು ಕ್ಷಣಮಾತ್ರದ ಕರೆಂಟಿಗಾಗಿ ಮಾಡಿರುತ್ತಾರೆ. ಲ್ಯಾಚು ಬಿಗಿದುಕೊಂಡು ಬ್ರೇಕರ್ ತೆರೆಯದಿದ್ದರೆ ಆಕ್ಸಿಲರಿ ಸ್ವಿಚ್ಚು ತಿರುಗದೆ ಕರೆಂಟು ಹರಿಯುತ್ತಲೇ ಇದ್ದು ಕಾಯಿಲ್ ಸುಟ್ಟುಹೋಗುತ್ತದೆ. ಆಗ ಕಾಯಿಲನ್ನಷ್ಟೇ ಬದಲಿಸಿ ಹೋದರೆ ಮುಂದಿನ ಸಲ ಹೊಸ ಕಾಯಿಲೂ ಸುಡುತ್ತದೆ. ಹಾಗೆ ತೆರೆಯದ ಬ್ರೇಕರಿನ ಫಲ ಜನರಿಗೆ ತಟ್ಟುವುದು ಹೀಗೆ: ಒಂದು ಬೀದಿಯ ಫಾಲ್ಟಿಗೆ ಒಂದು ಫೀಡರ್ ಮಾತ್ರ ಆರಬೇಕಿತ್ತು, ಅದರ ಬದಲು ಟ್ರಾನ್ಸ್‌ಫಾರ್ಮರ್ ಕಡೆಯ ಬ್ರೇಕರ್ ತೆರೆದು ಅದರಡಿಯ ಫೀಡರುಗಳೆಲ್ಲ ಒಟ್ಟಿಗೆ ಆರುತ್ತವೆ. ಜಾಗತಿಕ ಪುರಾವೆಯೂ ಇದನ್ನೇ ಹೇಳುತ್ತದೆ. ದೊಡ್ಡ ವಿದ್ಯುತ್ ಜಾಲಗಳ ಅಂತರರಾಷ್ಟ್ರೀಯ ಮಂಡಳಿ ಸಿಗ್ರೆ, ಸುಮಾರು 60 ಕೆವಿ ಮತ್ತು ಮೇಲಿನ ಬ್ರೇಕರುಗಳ ಬಗ್ಗೆ 1974–77, 1988–91 ಮತ್ತು 2004–07ರಲ್ಲಿ ಮೂರು ಸಮೀಕ್ಷೆ ನಡೆಸಿತು. 100 ಬ್ರೇಕರ್-ವರ್ಷಗಳಿಗೆ ದೊಡ್ಡ ವೈಫಲ್ಯಗಳ ಪ್ರಮಾಣ ಸುಮಾರು 1.58ರಿಂದ 0.67ಕ್ಕೆ, ಅಲ್ಲಿಂದ 0.30ಕ್ಕೆ ಇಳಿಯಿತು. ಎಣ್ಣೆ ಮತ್ತು ಒತ್ತಡದ ಗಾಳಿಯ ಬ್ರೇಕರುಗಳು ಹೋಗಿ ಎಸ್‌ಎಫ್6 ಬಂದದ್ದು ಇದಕ್ಕೆ ದೊಡ್ಡ ಕಾರಣ. ಆದರೆ ಉಳಿದ ವೈಫಲ್ಯಗಳಲ್ಲಿ ಸರಿಸುಮಾರು ಅರ್ಧ ಆಪರೇಟಿಂಗ್ ಮೆಕ್ಯಾನಿಸಮ್ಮಿನದೇ ಆಗಿತ್ತು. ಆರ್ಕಿನ ಕೋಣೆಯನ್ನು ಎಂಜಿನಿಯರುಗಳು ಗೆದ್ದರು, ಗ್ರೀಸು ಮತ್ತು ಲ್ಯಾಚನ್ನು ಇನ್ನೂ ಗೆದ್ದಿಲ್ಲ.

ಎಣ್ಣೆಯ ಬ್ರೇಕರಿನಿಂದ ಅನಿಲದ ಬ್ರೇಕರಿಗೆ ಆದ ಈ ಬದಲಾವಣೆಯ ಹಿಂದೆ ನಮ್ಮದೇ ಉದ್ದನೆಯ ಇತಿಹಾಸವಿದೆ. ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ 1902ರಲ್ಲಿ, ಬೆಂಗಳೂರಿಗೆ 1905ರಲ್ಲಿ ಮುಟ್ಟಿತು. ಆ ಪೀಳಿಗೆಯ ಜಾಲಗಳು ಬಳಸಿದ್ದು ಎಣ್ಣೆಯಲ್ಲಿ ಮುಳುಗಿದ ಸ್ವಿಚ್ಚುಗಳನ್ನು. ಪ್ರತಿ ಫಾಲ್ಟಿಗೂ ಎಣ್ಣೆಯಲ್ಲಿ ಮಸಿ ಸೇರುತ್ತಿತ್ತು, ಕೆಲವೇ ಫಾಲ್ಟುಗಳ ನಂತರ ತೊಟ್ಟಿ ಇಳಿಸಿ ಎಣ್ಣೆ ಸೋಸಿ ಕಾಂಟ್ಯಾಕ್ಟು ಉಜ್ಜಬೇಕಿತ್ತು. ವರ್ಷಕ್ಕಿಷ್ಟು ಸಲ ಬಿಚ್ಚಿ ನೋಡುವ ಅಭ್ಯಾಸ ಆ ಕಾಲದ ನ್ಯಾಯವಾದ ಅಗತ್ಯದಿಂದ ಬಂದದ್ದು. ವಿದ್ಯುಚ್ಛಕ್ತಿ ಮಂಡಳಿಯ ಕಾಲದಲ್ಲಿ ಕಡಿಮೆ ಎಣ್ಣೆಯ ಬ್ರೇಕರುಗಳು ಬಂದ ಮೇಲೂ ಅದು ಉಳಿಯಿತು. 1999ರ ಆಗಸ್ಟಿನಲ್ಲಿ ಮಂಡಳಿಯ ಜಾಗಕ್ಕೆ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ, 2002ರ ಜೂನಿನಲ್ಲಿ ಹಂಚಿಕೆಗೆಂದು ಬೆಸ್ಕಾಂ ಬಂದವು. ಯಂತ್ರ ಬದಲಾಯಿತು, ಸಂಸ್ಥೆ ಬದಲಾಯಿತು, ಆದರೆ ತ್ರೈಮಾಸಿಕ ನಿರ್ವಹಣೆಗಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ವಿದ್ಯುತ್ ವ್ಯತ್ಯಯ ಎಂಬ ಪ್ರಕಟಣೆ ಇಂದಿಗೂ ಪತ್ರಿಕೆಯಲ್ಲಿ ಕಾಣುತ್ತದೆ. ಇನ್ಸುಲೇಟರ್ ಒರೆಸುವುದಕ್ಕೆ, ಜಾಯಿಂಟ್ ಬಿಗಿ ನೋಡುವುದಕ್ಕೆ, ಗ್ರೀಸ್ ಹಾಕುವುದಕ್ಕೆ ಆ ವ್ಯತ್ಯಯ ಸಾರ್ಥಕ. ಮುಚ್ಚಿದ ಅನಿಲದ ಕೋಣೆಯ ಭಾಗಗಳನ್ನು ಕ್ಯಾಲೆಂಡರ್ ನೋಡಿ ಬದಲಿಸುವುದಕ್ಕೆ ಅದೇ ತರ್ಕ ಸಾಲದು.

ಅಳೆದು ನೋಡಿಯೇ ಬದಲಿಸಬೇಕು ಎಂಬ ವಾದಕ್ಕೊಂದು ಬಲವಾದ ಆಕ್ಷೇಪವಿದೆ. ಅಳತೆ ಮಾಡುವುದಕ್ಕೂ ಲೈನ್ ಕ್ಲಿಯರ್ (ವಿದ್ಯುತ್ ನಿಲ್ಲಿಸಿ ಕೆಲಸ ಮಾಡುವ ಅನುಮತಿ) ಬೇಕು, ಪರಿಣತಿ ಬೇಕು, ದುಬಾರಿ ಉಪಕರಣ ಬೇಕು. ಅದಕ್ಕಿಂತ ಇಷ್ಟು ವರ್ಷಕ್ಕೊಮ್ಮೆ ಬದಲಿಸಿಬಿಟ್ಟರೆ ಎಲ್ಲರಿಗೂ ಅರ್ಥವಾಗುತ್ತದೆ, ಯಾರ ಮೇಲೂ ತಪ್ಪು ಹೊರಿಸುವ ಪ್ರಮೇಯವಿಲ್ಲ ಎನ್ನುವುದು ಅದು. ಅಳತೆ ಮೋಸಗೊಳಿಸಬಲ್ಲದು ಎಂಬುದನ್ನೂ ಒಪ್ಪಲೇಬೇಕು. ಮುಚ್ಚಿದ ಬ್ರೇಕರಿನಲ್ಲಿ 100 ಆಂಪಿಯರ್ ನೇರ ಕರೆಂಟು ಹರಿಸಿ ಕಾಂಟ್ಯಾಕ್ಟಿನ ರೋಧವನ್ನು ಮೈಕ್ರೋ ಓಮುಗಳಲ್ಲಿ ನೋಡುವ ಪರೀಕ್ಷೆ ಬಹಳ ಪ್ರಚಲಿತ. ಆದರೆ ಅದು ಹೇಳುವುದು ಮುಖ್ಯ ಕಾಂಟ್ಯಾಕ್ಟಿನ ಕಥೆ. ಆರ್ಕಿಂಗ್ ಕಾಂಟ್ಯಾಕ್ಟು ಪೂರ್ತಿ ತೇದುಹೋಗಿದ್ದರೂ ಈ ಅಂಕಿ ಚೆನ್ನಾಗಿಯೇ ಇರಬಹುದು. ಅದಕ್ಕಾಗಿ ಬ್ರೇಕರ್ ತೆರೆಯುತ್ತಿರುವಾಗಲೇ ಕ್ಷಣ ಕ್ಷಣದ ರೋಧವನ್ನೂ ಚಲನೆಯನ್ನೂ ಒಟ್ಟಿಗೆ ದಾಖಲಿಸುವ ಡಿಸಿಆರ್‌ಎಂ ಪರೀಕ್ಷೆ ಬೇಕು. ಮುಖ್ಯ ಕಾಂಟ್ಯಾಕ್ಟು ಬಿಟ್ಟ ಬಿಂದುವಿಗೂ ಆರ್ಕಿಂಗ್ ಕಾಂಟ್ಯಾಕ್ಟು ಬಿಟ್ಟ ಬಿಂದುವಿಗೂ ನಡುವಿನ ದೂರವೇ ಉಳಿದಿರುವ ತುದಿಯ ಉದ್ದ. ಬ್ರೇಕರನ್ನು ಬಿಚ್ಚದೆಯೇ ಒಳಗಿನ ಸವೆತ ಹೀಗೆ ಮಿಲಿಮೀಟರಿನಲ್ಲಿ ತಿಳಿಯುತ್ತದೆ. ಮೂರು ಫೇಸುಗಳ ಮೂರು ಪೋಲುಗಳು ಒಟ್ಟಿಗೆ ತೆರೆಯುತ್ತವೆಯೇ ಎಂದು ನೋಡುವ ಟೈಮಿಂಗ್ ಪರೀಕ್ಷೆ (ತೆರೆಯುವಾಗ ಅಂತರ ಸೈಕಲ್ಲಿನ ಆರನೇ ಒಂದು ಭಾಗ, ಎಂದರೆ 3.3 ಮಿಲಿಸೆಕೆಂಡು ಮೀರಬಾರದು), ಕಾಯಿಲ್ ಕರೆಂಟಿನ ಗೆರೆ ಓದುವ ಪರೀಕ್ಷೆ, ಇವೆಲ್ಲ ಒಂದೇ ಲೈನ್ ಕ್ಲಿಯರಿನಲ್ಲಿ ಮುಗಿಯುತ್ತವೆ. ಒಂದು ಪೋಲನ್ನು ಬಿಚ್ಚಿ ಜೋಡಿಸಲು ಹಿಡಿಯುವ ದಿನಗಳ ಮುಂದೆ ಇದು ಕೆಲವು ಗಂಟೆಯ ಕೆಲಸ. ವ್ಯತ್ಯಯದ ಲೆಕ್ಕದಲ್ಲೇ ನೋಡಿದರೂ ಅಳತೆಯೇ ಅಗ್ಗ.

ಬಿಚ್ಚುವುದರಿಂದಲೇ ಬರುವ ಕೇಡು ಇನ್ನೊಂದಿದೆ, ಮತ್ತು ಕ್ಯಾಲೆಂಡರ್ ಪಕ್ಷದವರು ಇದಕ್ಕೆ ಉತ್ತರ ಕೊಡಬೇಕಾಗುತ್ತದೆ. ಎಸ್‌ಎಫ್6 ಬ್ರೇಕರಿನ ಪೋಲನ್ನು ತೆರೆಯುವುದೆಂದರೆ ಗ್ಯಾಸ್ ಕಾರ್ಟಿನಿಂದ ಅನಿಲವನ್ನು ಪೂರ್ತಿ ಹೀರಿ ಸಿಲಿಂಡರಿಗೆ ತುಂಬಿಕೊಳ್ಳಬೇಕು. ಆರ್ಕಿನ ಶಾಖಕ್ಕೆ ಒಡೆದ ಅನಿಲದಿಂದ ಹುಟ್ಟಿದ ವಿಷಕಾರಿ, ಆಮ್ಲೀಯ ಸಂಯುಕ್ತಗಳು ಒಳಗಿರುತ್ತವೆ; ಲೋಹದ ಫ್ಲೋರೈಡುಗಳ ಬಿಳಿ ಪುಡಿ ಗೋಡೆಗಂಟಿರುತ್ತದೆ. ಮುಖಗವಸು, ಕೈಗವಸು, ಮೈಮುಚ್ಚುವ ಉಡುಪಿಲ್ಲದೆ ಅದನ್ನು ಮುಟ್ಟುವುದು ಕೆಲಸಗಾರನ ಶ್ವಾಸಕೋಶದ ಜೊತೆ ಆಡುವ ಆಟ. ಯಾವ ತುರ್ತೂ ಇದಕ್ಕೆ ಸಮರ್ಥನೆಯಲ್ಲ. ಆ ಪುಡಿಯನ್ನು ವ್ಯಾಕ್ಯೂಮ್ ಕ್ಲೀನರಿನಿಂದ ತೆಗೆದು, ಕಾಂಟ್ಯಾಕ್ಟು ಮತ್ತು ನಾಝಲ್ ಬದಲಿಸಿ, ಬಿಚ್ಚಿದ ಪ್ರತಿ ಜೋಡಣೆಗೂ ಹೊಸ ಓ-ರಿಂಗು ಹಾಕಿ, ತೇವ ಹೀರುವ ಹರಳುಗಳನ್ನು ಕೊನೆಗಳಿಗೆಯಲ್ಲಿ ಇಟ್ಟು ಮುಚ್ಚಿ, ನಿರ್ವಾತ ಮಾಡಿ ಹಿಡಿದು ನೋಡಿ, ಆಮೇಲೆ ಅನಿಲ ತುಂಬಬೇಕು. ಈ ಸಾಲಿನಲ್ಲಿ ಓ-ರಿಂಗಿನ ಮೇಲೆ ಬಿದ್ದ ಒಂದು ಗೀರು, ಒಳಗುಳಿದ ಒಂದು ಲೋಹದ ಚೂರು, ಮಳೆಗಾಲದ ಗಾಳಿಯಿಂದ ಒಳಸೇರಿದ ತೇವ ಯಾವುದಾದರೂ ಹೊಸ ದೋಷವಾಗಬಲ್ಲದು. ಅಗತ್ಯವಿಲ್ಲದೆ ಬಿಚ್ಚಿದ ಬ್ರೇಕರ್ ಬಿಚ್ಚದೇ ಬಿಟ್ಟದ್ದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ ಸೇವೆಗೆ ಮರಳುವುದು ಹೀಗೆ. ಕೆಲಸಕ್ಕೆ ಕೈಹಾಕುವ ಮುನ್ನ ಎರಡೂ ಕಡೆ ಐಸೊಲೇಟರ್ ತೆರೆದು ಅರ್ತಿಂಗ್ ಮಾಡುವುದನ್ನು ಎಲ್ಲರೂ ನೆನಪಿಡುತ್ತಾರೆ. ಮುಚ್ಚುವ ಮತ್ತು ತೆರೆಯುವ ಸ್ಪ್ರಿಂಗುಗಳೆರಡನ್ನೂ ಬಿಡಿಸಿ ಮೋಟಾರಿನ ಸಪ್ಲೈ ತೆಗೆಯುವುದು ಅಷ್ಟೇ ಮುಖ್ಯ: ಕರೆಂಟಿಲ್ಲದ ಬ್ರೇಕರಿನಲ್ಲೂ ಬಿಗಿದ ಸ್ಪ್ರಿಂಗು ಬೆರಳು ಕತ್ತರಿಸುವಷ್ಟು ಶಕ್ತಿ ಹಿಡಿದಿರುತ್ತದೆ.

ಭಾಗ ಬದಲಿಸುವ ಗೋಜೇ ಬೇಡ, ಇಡೀ ಬ್ರೇಕರನ್ನೇ ಬದಲಿಸಿ ಎನ್ನುವವರೂ ಇದ್ದಾರೆ. ತಯಾರಕರು ಆ ಮಾದರಿಯನ್ನೇ ನಿಲ್ಲಿಸಿದ್ದರೆ, ಬಿಡಿಭಾಗ ಸಿಗದಿದ್ದರೆ, ಜಾಲ ಬೆಳೆದು ಫಾಲ್ಟ್ ಮಟ್ಟ ಬ್ರೇಕರಿನ ಸಾಮರ್ಥ್ಯವನ್ನೇ ದಾಟಿದ್ದರೆ ಅವರ ಮಾತು ಸರಿ. 25 ಕಿಲೋ ಆಂಪಿಯರಿನ ಬ್ರೇಕರಿಗೆ ಹೊಸ ಕಾಂಟ್ಯಾಕ್ಟು ಹಾಕಿದರೂ ಅದು 31.5 ಕಿಲೋ ಆಂಪಿಯರಿನದಾಗುವುದಿಲ್ಲ. ಹಳೆಯ 11 ಕೆವಿ ಪ್ಯಾನೆಲಿನ ಗೂಡು ಗಟ್ಟಿಯಾಗಿದ್ದರೆ ಎಣ್ಣೆಯ ಬ್ರೇಕರಿನ ಟ್ರಕ್ ಎಳೆದು ಅದೇ ಜಾಗಕ್ಕೆ ವಿಸಿಬಿ ಟ್ರಕ್ ಕೂರಿಸುವ ರೆಟ್ರೋಫಿಟ್ ಒಂದು ಒಳ್ಳೆಯ ನಡುದಾರಿ. ಆದರೆ ಮೆಕ್ಯಾನಿಸಂ ಗಟ್ಟಿಯಾಗಿದ್ದು ಒಂದು ಇಂಟರಪ್ಟರ್ ಮಾತ್ರ ಸವೆದಿರುವ ಬ್ರೇಕರನ್ನು ಗುಜರಿಗೆ ಹಾಕುವುದು ಸಾರ್ವಜನಿಕ ಹಣದ ಪೋಲು. ಆ ಹಣ ಕೊನೆಗೆ ಗ್ರಾಹಕರ ಬಿಲ್ಲಿನಿಂದಲೇ ಬರಬೇಕು. ಬಿಡಿಭಾಗದ ಪ್ರಶ್ನೆಯಲ್ಲಿ ಪಶ್ಚಿಮ ಬೆಂಗಳೂರಿಗೆ ಒಂದು ಆಕರ್ಷಣೆ ಹತ್ತಿರದಲ್ಲೇ ಇದೆ. ಪೀಣ್ಯದ ವರ್ಕ್‌ಶಾಪುಗಳಲ್ಲಿ ಎಂಥ ಲೋಹದ ಭಾಗವನ್ನಾದರೂ ಮೈಕ್ರಾನ್ ಲೆಕ್ಕದಲ್ಲಿ ಕಡೆದುಕೊಡುವ ಕೈಗಳಿವೆ. ಪಿನ್ನು, ಲಿಂಕು, ಬುಶ್ಶು, ಬ್ರಾಕೆಟ್ಟುಗಳನ್ನು ಸರಿಯಾದ ಉಕ್ಕಿನಲ್ಲಿ, ಸರಿಯಾದ ಹದದಲ್ಲಿ ಅಲ್ಲೇ ಮಾಡಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಮಾಡಿಸಿಕೊಳ್ಳಲೇಬೇಕು ಎಂದೂ ಹೇಳಬಹುದು. ಆರ್ಕಿಂಗ್ ಕಾಂಟ್ಯಾಕ್ಟು ಮತ್ತು ನಾಝಲಿಗೆ ಈ ಮಾತು ಹೊಂದುವುದಿಲ್ಲ. ಅಳತೆ ಕೂದಲೆಳೆಯಷ್ಟೂ ತಪ್ಪದೆ ಕಡೆದ ನಾಝಲ್ ಕೂಡ ಟೆಫ್ಲಾನಿಗೆ ಬೆರೆಸಿದ ಪುಡಿ ಬೇರೆಯಾಗಿದ್ದರೆ ಆರ್ಕಿನೆದುರು ಬೇರೆ ರೀತಿಯಲ್ಲಿ ಸವೆಯುತ್ತದೆ. ಅದು ಗೊತ್ತಾಗುವುದು ನಿಜವಾದ ಶಾರ್ಟ್ ಸರ್ಕ್ಯೂಟ್ ಪರೀಕ್ಷೆಯಲ್ಲಿ ಮಾತ್ರ. ಅಂಥ ಪರೀಕ್ಷೆಯ ಸೌಕರ್ಯ ಇದೇ ನಗರದಲ್ಲಿ, 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಇರುವಾಗ, ಪರೀಕ್ಷೆಗೊಳಪಡದ ನಕಲು ಭಾಗವನ್ನು ಬೆಲೆಯೊಂದನ್ನೇ ನೋಡಿ ಬ್ರೇಕರಿನೊಳಕ್ಕೆ ಹಾಕುವುದಕ್ಕೆ ಕಾರಣವೇ ಇಲ್ಲ.

ಅನಿಲದ ವಿಚಾರ ಮುಂದಿನ ದಶಕದಲ್ಲಿ ಈ ಲೆಕ್ಕಗಳನ್ನೆಲ್ಲ ಬದಲಿಸಲಿದೆ. ಎಸ್‌ಎಫ್6 ನೂರು ವರ್ಷದ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 24,000 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಮಾಡುತ್ತದೆ. ಯುರೋಪಿಯನ್ ಒಕ್ಕೂಟ 2024ರ ನಿಯಮದ ಮೂಲಕ ಹೊಸ ಉಪಕರಣಗಳಲ್ಲಿ ಇದರ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುತ್ತಿದೆ. 24 ಕೆವಿವರೆಗಿನದಕ್ಕೆ 2026ರಿಂದ, 52 ಕೆವಿ ಮೀರಿ 145 ಕೆವಿವರೆಗಿನದಕ್ಕೆ 2028ರಿಂದ. ನಮ್ಮಲ್ಲಿರುವ ಬ್ರೇಕರುಗಳ ವಿನ್ಯಾಸ ಬಹಳಷ್ಟು ಯುರೋಪಿನ ಕಂಪನಿಗಳದ್ದಾದ್ದರಿಂದ ಅಲ್ಲಿ ಉತ್ಪಾದನೆ ನಿಂತ ಮಾದರಿಗಳ ಸೀಲು, ನಾಝಲುಗಳ ಪೂರೈಕೆ ಇಲ್ಲಿಯೂ ತೆಳುವಾಗುವ ಸಾಧ್ಯತೆ ಇದೆ. ಆದ್ದರಿಂದ ಸೋರುವ ಪೋಲಿಗೆ ಆಗಾಗ ಅನಿಲ ತುಂಬುತ್ತ ದಿನ ದೂಡುವ ಅಭ್ಯಾಸವನ್ನು ಈಗಲೇ ಬಿಡಬೇಕು. ಸೋರಿಕೆ ಎಲ್ಲಿ ಎಂದು ಹುಡುಕಿ ಆ ಸೀಲನ್ನು ಬದಲಿಸುವುದು ಬ್ರೇಕರಿಗೂ ಒಳ್ಳೆಯದು, ವಾತಾವರಣಕ್ಕೂ ಒಳ್ಳೆಯದು. ಅನಿಲದ ಒತ್ತಡ ಲಾಕ್‌ಔಟ್ ಮಟ್ಟಕ್ಕೆ ಇಳಿದರೆ ಬ್ರೇಕರ್ ತೆರೆಯುವುದಕ್ಕೂ ನಿರಾಕರಿಸುತ್ತದೆ ಎಂಬುದೂ ನೆನಪಿರಲಿ.

ಎರಡು ಲೆಕ್ಕ ಇಡಬೇಕೆಂಬ ವಾದಕ್ಕೆ ಉಳಿಯುವ ಕೊನೆಯ ತೊಡಕು ದಾಖಲೆಯದು. ಸ್ಟೇಷನ್ನಿನ ಲಾಗ್ ಪುಸ್ತಕದಲ್ಲಿ ಟ್ರಿಪ್ಪಿನ ಹೊತ್ತು ಇರುತ್ತದೆ, ಎಷ್ಟೋ ಸಲ ಕಡಿದ ಕರೆಂಟು ಇರುವುದಿಲ್ಲ. ರಿಲೇಯ ನೆನಪಿನಲ್ಲಿ ಕರೆಂಟು ಇರುತ್ತದೆ, ರಿಲೇ ಬದಲಿಸಿದ ದಿನ ಅದೂ ಹೋಗುತ್ತದೆ. ಹೊಸ ಕಾಂಟ್ಯಾಕ್ಟು ಹಾಕಿದ ದಿನವೇ ಟೈಮಿಂಗ್, ರೋಧ, ಡಿಸಿಆರ್‌ಎಂ, ಕಾಯಿಲ್ ಕರೆಂಟಿನ ಗೆರೆಗಳನ್ನು ತೆಗೆದು ಆ ಬ್ರೇಕರಿನ ಹೆಸರಲ್ಲಿ ಇಟ್ಟರೆ ಮಾತ್ರ ಮುಂದಿನ ಅಳತೆಯನ್ನು ಹೋಲಿಸಲು ಒಂದು ಆಧಾರ ಸಿಗುತ್ತದೆ. ತೆಗೆದ ಹಳೆಯ ಭಾಗವನ್ನು ಗುಜರಿಗೆ ಕಳಿಸುವ ಮೊದಲು ಅದರ ತುದಿಯ ಉದ್ದವನ್ನೂ ನಾಝಲಿನ ಕಂಠದ ಅಗಲವನ್ನೂ ಅಳೆದು ಬರೆದಿಡುವುದು ಅರ್ಧ ಗಂಟೆಯ ಕೆಲಸ. ರಿಲೇ ಕೂಡಿಸಿದ ಲೆಕ್ಕ ನಿಜವಾದ ಸವೆತಕ್ಕೆ ಎಷ್ಟು ಹತ್ತಿರವಿತ್ತು, ಮುಂದಿನ ಪೋಲನ್ನು ಇನ್ನೂ ಎಷ್ಟು ಫಾಲ್ಟುಗಳವರೆಗೆ ನಂಬಬಹುದು ಎಂಬುದು ಆ ಅಳತೆಯಿಂದ ತಿಳಿಯುತ್ತದೆ.